ಅಂಚಿನಲ್ಲಿ ನಿಂತ ಮಲ್ಲಾಜಮ್ಮ

ಇಪ್ಪತ್ತಮೂರು ವರ್ಷದಿಂದ ನಾನು ನಿಕಾನ್ ಪಾರ್ಟಿ, ಹುಣಸೂರಿನ ನಟರಾಜು ಕ್ಯಾನನ್ ಪಾರ್ಟಿ. ಇಬ್ಬರೂ ಮೈಸೂರಿನ ಒಂದೇ ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಟ್ರೇ ತೊಳೆದು ಕೆಲಸ ಕಲಿತವರು. ಆಮೇಲೆ ನಾನು ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಎದುರು ಸ್ಟುಡಿಯೋ ಹಾಕಿದೆ, ಅವನು ಹುಣಸೂರಿನಲ್ಲಿ ಹಾಕಿದ. ಎಲ್ಲಿ ಸಿಕ್ಕರೂ ಮನೆ, ಮಕ್ಕಳು, ಆರೋಗ್ಯದ ಮಾತೆಲ್ಲ ಎರಡು ನಿಮಿಷದಲ್ಲಿ ಮುಗಿದು ಕ್ಯಾಮೆರಾಕ್ಕೆ ಬಂದು ನಿಲ್ಲುತ್ತಿತ್ತು. ಅವನ ಕ್ಯಾಮೆರಾವನ್ನು ನಾನು ಒಂದು ದಿನವೂ ಒಳ್ಳೆಯದು ಎಂದವನಲ್ಲ. ಅವನೂ ಅಷ್ಟೆ.

2009ರ ಹೊತ್ತಿಗೆ ಈ ಉರಿಯುವ ಬೆಂಕಿಗೆ ತುಪ್ಪ ಸುರಿದದ್ದು ಫುಲ್ ಫ್ರೇಮ್ ಕ್ಯಾಮೆರಾ. ರೀಲಿನ ಕಾಲದಲ್ಲಿ ಲೆನ್ಸಿಗೆ ಎಷ್ಟು ಕಾಣುತ್ತಿತ್ತೋ ಅಷ್ಟೂ ಫೋಟೋದಲ್ಲಿ ಬರುತ್ತಿತ್ತು. ಡಿಜಿಟಲ್ ಬಂದಾಗ ನಮ್ಮಂಥವರ ಕೈಗೆ ಸಿಕ್ಕ ಕ್ಯಾಮೆರಾಗಳಲ್ಲಿ ರೀಲಿನ ಜಾಗದಲ್ಲಿ ಕೂತ ಸೆನ್ಸರ್ ರೀಲಿಗಿಂತ ಚಿಕ್ಕದು. ಲೆನ್ಸು ಅದೇ, ಆದರೆ ಸುತ್ತಲ ಅಂಚು ಹೋಗಿಬಿಡುತ್ತದೆ. ಫುಲ್ ಫ್ರೇಮ್ ಎಂದರೆ ಆ ಹೋದ ಅಂಚನ್ನು ವಾಪಸ್ ಕೊಡುವ ಕ್ಯಾಮೆರಾ. ಅಂಥದ್ದು ನಿಕಾನ್‌ನಲ್ಲೂ ಬಂದಿತ್ತು, ಕ್ಯಾನನ್‌ನಲ್ಲೂ ಬಂದಿತ್ತು. ಯಾವುದು ಎನ್ನುವುದರಲ್ಲಿ ನಾವಿಬ್ಬರೂ ಒಂದು ವರ್ಷ ಕಳೆದೆವು.

"ಇಪ್ಪತ್ತೊಂದು ಮೆಗಾಪಿಕ್ಸೆಲ್ ಕಣ್ಲಾ ಚಲುವ. ನಿಂದು ಬರೀ ಹನ್ನೆರಡು" ಎಂದು ನಟರಾಜು ಫೋನಿನಲ್ಲಿ ಹೇಳುತ್ತಿದ್ದ.

"ಹನ್ನೆರಡಿಂಚು ಆಲ್ಬಮ್ಮಿಗೆ ಹನ್ನೆರಡು ಸಾಕು. ನೀನೇನು ಮದ್ವೆ ಫೋಟೋನ ರೋಡಿಗೆ ಅಡ್ಡ ಕಟ್ಟೀಯಾ?"

"ಇದ್ರಲ್ಲಿ ವಿಡಿಯೋನೂ ಬತ್ತದೆ ಕಣ್ಲಾ."

"ಉಳೋ ಎತ್ತು ಹಾಲೂ ಕೊಡ್ತದೆ ಅನ್ನು. ನನ್ ಹಳೇ ಲೆನ್ಸೆಲ್ಲ ಹೊಸ ನಿಕಾನಿಗೆ ಕೂತ್ಕತ್ತವೆ. ನಿನ್ ಹಳೇವು ಕೂತ್ಕತ್ತವಾ?"

ಅವನ ರೀಲಿನ ಕಾಲದ ಲೆನ್ಸುಗಳು ಬೀರುವಿನಲ್ಲಿ ಧೂಳು ತಿನ್ನುತ್ತಿದ್ದವು. ಅದಕ್ಕೇ ನಾನು ಆ ಮಾತನ್ನೇ ಮತ್ತೆ ಮತ್ತೆ ಹೇಳುತ್ತಿದ್ದೆ.

ನನಗೆ ಫುಲ್ ಫ್ರೇಮ್ ಬೇಕಾಗಿದ್ದದ್ದು ಶೋಕಿಗಲ್ಲ. ಎರಡು ವರ್ಷದಿಂದ ನನ್ನ ಗ್ರೂಪ್ ಫೋಟೋಗಳ ಮೇಲೆ ದೂರು ಬರತೊಡಗಿತ್ತು. ಒಬ್ಬರು ಬಂದು ಚಿಕ್ಕಪ್ಪನಿಗೆ ಅರ್ಧ ಮುಖ ಎನ್ನುತ್ತಿದ್ದರು, ಇನ್ನೊಬ್ಬರು ಅತ್ತೆ ಬಂದೇ ಇಲ್ಲ ಎನ್ನುತ್ತಿದ್ದರು. ನಮ್ಮ ಕಡೆಯ ಸಮುದಾಯ ಭವನಗಳಲ್ಲಿ ವೇದಿಕೆಗೂ ಎದುರು ಗೋಡೆಗೂ ನಾಲ್ಕು ಮಾರು ದೂರ. ಬೆನ್ನು ಗೋಡೆಗೆ ಅಂಟಿದ ಮೇಲೆ ಇನ್ನೆಲ್ಲಿಗೆ ಹಿಂದೆ ಸರಿಯುವುದು? ಚಿಕ್ಕ ಸೆನ್ಸರ್, ಚಿಕ್ಕ ಹಾಲು, ಇಪ್ಪತ್ತು ಜನ ನೆಂಟರು. ತಪ್ಪು ಕ್ಯಾಮೆರಾದ್ದು ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ನನಗೆ ಸಿಟ್ಟಿದ್ದದ್ದು ಅದೊಂದರ ಮೇಲೇ ಅಲ್ಲ. ಈಚೆಗೆ ಊರಿನ ಸೈಕಲ್ಲಿನವರು ಬೆಲ್ ಹೊಡೆಯದೆ ಪಕ್ಕದಿಂದ ಧುತ್ತೆಂದು ನುಗ್ಗುತ್ತಿದ್ದರು. ಮನೆಯ ಬಾಗಿಲ ಚೌಕಟ್ಟಿಗೆ ನನ್ನ ಭುಜ ಎರಡು ಸಲ ಬಡಿದು, ನೋಡಿಕೊಂಡು ನಡೆಯಬಾರದೇ ಎಂದು ಹೆಂಡತಿ ಸುನಂದಳ ಹತ್ತಿರ ಬೈಸಿಕೊಂಡಿದ್ದೆ. ಬಡಗಿ ಬಾಗಿಲನ್ನೇ ಕಿರಿದು ಮಾಡಿದ್ದಾನೆ ಎಂದು ಅವನನ್ನೂ ಬೈದಿದ್ದೆ.

ಇಷ್ಟರಲ್ಲಿ ಆಷಾಢದ ಒಂದು ಬೆಳಗ್ಗೆ ಜವರಯ್ಯ ಬಂದ. ಬೆಟ್ಟದಪುರದ ಕಡೆಯ ಒಂದು ಹಳ್ಳಿಯವನು, ಹೊಗೆಸೊಪ್ಪು ಬೆಳೆಯುವವನು. ವೈಶಾಖದಲ್ಲಿ ಅವನ ಹಿರಿಮಗಳು ಸೌಂದರ್ಯಳ ಮದುವೆಗೆ ಫೋಟೋ ತೆಗೆದವನು ನಾನೇ. ಬೆಂಚಿನ ಮೇಲೆ ಕೂತವನು ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಅವ್ವ ತೀರ್ಕಂಡ್ಬುಟ್ಲು ಚಲುವಣ್ಣ, ಸೋಮವಾರ. ಹನ್ನೊಂದನೇ ದಿನಕ್ಕೆ ಫೋಟೋ ಇಡಬೇಕು. ಮನೇಲಿ ಒಂದೂ ಇಲ್ಲ, ಮದ್ವೆ ಆಲ್ಬಮ್ಮು ಮಗಳ ಮನೇಲದೆ. ಎಲೆಕ್ಷನ್ ಕಾರ್ಡಲ್ಲಿರೋದು ನಮ್ಮವ್ವ ಅಂತ ನಂಗೇ ಅನ್ನಿಸಾಕಿಲ್ಲ. ಮದ್ವೇಲಿ ನೀವು ತಗ್ದಿದ್ರಲ್ಲ, ಅದ್ರಲ್ಲಿ ಮುಖ ಮಾತ್ರ ತಗ್ದು ದೊಡ್ಡದು ಮಾಡ್ಕೊಡಿ."

ಇದು ನಮಗೆ ಹೊಸ ಕೆಲಸವಲ್ಲ. ನಮ್ಮ ಹಳ್ಳಿಗಳ ಗೋಡೆಯ ಮೇಲಿರುವ ಹಿರಿಯರಲ್ಲಿ ಎಷ್ಟೋ ಜನ ಯಾರದೋ ಮದುವೆಯ ಗುಂಪಿನಿಂದ ಎದ್ದು ಬಂದವರು. ನಾಳಿದ್ದು ಬಾ ಎಂದು ಅವನನ್ನು ಕಳಿಸಿ ಕಂಪ್ಯೂಟರ್ ಮುಂದೆ ಕೂತೆ.

ಜವರಯ್ಯನ ಅವ್ವ ಮಲ್ಲಾಜಮ್ಮ ನನಗೆ ಚೆನ್ನಾಗಿ ನೆನಪಿದ್ದರು. ಗಂಡ ಸತ್ತ ಹೆಂಗಸರು ನಮ್ಮಲ್ಲಿ ಮದುವೆಯ ಗ್ರೂಪ್ ಫೋಟೋಗೆ ಮಧ್ಯಕ್ಕೆ ಬರುವುದಿಲ್ಲ. ಅವರನ್ನು ಯಾರೂ ಬೇಡ ಎನ್ನಬೇಕಾಗಿಲ್ಲ, ಅವರೇ ಹೋಗಿ ಕೊನೆಯಲ್ಲಿ, ಕಂಬದ ಮಗ್ಗುಲಲ್ಲಿ, ಅರ್ಧ ತಿರುಗಿ ನಿಲ್ಲುತ್ತಾರೆ. ಮಲ್ಲಾಜಮ್ಮ ವೇದಿಕೆಯನ್ನೇ ಹತ್ತಿರಲಿಲ್ಲ. ಮೊಮ್ಮಗಳು ಹಟ ಮಾಡಿದ್ದಕ್ಕೆ ನಾನೇ ಕೂಗಿದ್ದೆ.

"ಬನ್ನಿ ಕಣವ್ವ, ಎಲ್ಲಾ ನಿಮಗೇ ಕಾಯ್ತಾವ್ರೆ."

"ಸುಬದ ಕೆಲ್ಸದಾಗೆ ನನ್ ಮುಖ ಯಾಕಪ್ಪ" ಎನ್ನುತ್ತಲೇ ಬಂದು ಎಡಗಡೆ ಕೊನೆಗೆ ನಿಂತಿದ್ದರು. ಇನ್ನೂ ಒಂದು ಹೆಜ್ಜೆ ಒಳಗೆ ಬನ್ನಿ ಎಂದೆ. ಬಂದರು. ಮೊಮ್ಮಗಳ ಗೆಳತಿಯೊಬ್ಬಳ ಭುಜದ ಮೇಲೆ ಕೈಯಿಟ್ಟು, ಸೆರಗು ಸರಿಮಾಡಿಕೊಂಡು, ಕ್ಯಾಮೆರಾವನ್ನೇ ನೋಡಿ ಕೇಳಿದ್ದರು:

"ನಾನೂ ಬಂದ್ನೇನಪ್ಪ?"

"ಬಂದ್ರಿ ಕಣವ್ವ" ಎಂದು ನಾನು ಹೇಳಿದ್ದೆ. ನಾಲ್ಕು ಸಲ ಕ್ಲಿಕ್ ಮಾಡಿದ್ದೆ.

ಆ ನಾಲ್ಕರಲ್ಲಿ ಒಂದರಲ್ಲೂ ಅವರು ಇರಲಿಲ್ಲ. ಹುಡುಗಿಯ ಭುಜದ ಮೇಲೆ ಒಂದು ಕೈ ಇತ್ತು. ಹಚ್ಚೆ ಹಾಕಿದ ಮುಂಗೈ, ಬಳೆ ಇಲ್ಲ. ಮುಂಗೈಯಾದ ಮೇಲೆ ಫೋಟೋ ಮುಗಿದಿತ್ತು. ಉಳಿದ ಆರುನೂರು ಫೋಟೋಗಳನ್ನೂ ಒಂದೊಂದಾಗಿ ನೋಡಿದೆ. ಊಟದ ಪಂಕ್ತಿಯಲ್ಲಿ ಒಂದು ಬೆನ್ನು ಸಿಕ್ಕಿತು, ಧಾರೆಯ ಹೊತ್ತಿನಲ್ಲಿ ಜನರ ಹಿಂದೆ ಒಂದು ನೆತ್ತಿ ಸಿಕ್ಕಿತು. ಕ್ಯಾಮೆರಾವನ್ನು ಎತ್ತಿ ಬಸ್ ಸ್ಟ್ಯಾಂಡಿಗೆ ಎಸೆಯೋಣ ಅನ್ನಿಸಿತು. ಅಲ್ಲಿಯೇ ನಟರಾಜುಗೆ ಫೋನ್ ಮಾಡಿ, ನಾಳೆ ಮೈಸೂರಿಗೆ ಹೋಗಿ ಫುಲ್ ಫ್ರೇಮ್ ತರೋಣ, ಇನ್ನು ಮಾತು ಸಾಕು ಎಂದೆ.

ಮಾರನೆಯ ದಿನ ಅವನು ಹುಣಸೂರಿನಲ್ಲಿ ಬಸ್ ಹತ್ತಿದ. ಬಿಳಿಕೆರೆ ದಾಟುವವರೆಗೂ ಮತ್ತೆ ಅದೇ ಜಗಳ. ನನಗೆ ಒಳಗೊಳಗೇ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಇನ್ನು ಮೇಲೆ ಯಾರ ಅವ್ವನೂ ನನ್ನ ಫೋಟೋದಿಂದ ಆಚೆ ಬೀಳುವುದಿಲ್ಲ ಎಂದುಕೊಂಡಿದ್ದೆ.

ಅಂಗಡಿಯವನು ಎರಡೂ ಕ್ಯಾಮೆರಾಗಳನ್ನು ಅಕ್ಕಪಕ್ಕ ಗಾಜಿನ ಮೇಲಿಟ್ಟ. ನಾನು ನಿಕಾನ್ ಎತ್ತಿಕೊಂಡು ಕಣ್ಣಿಗೆ ಹಿಡಿದೆ. ಏನು ಬೆಳಕು. ನನ್ನ ಹಳೆಯ ಡಿಜಿಟಲ್‌ನಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಗೂಡಿನಷ್ಟಿದ್ದರೆ ಇದು ಹೆಬ್ಬಾಗಿಲಿನಷ್ಟು. ಅಂಗಡಿಯ ಕಪಾಟು, ಗೋಡೆಯ ಗಡಿಯಾರ, ಎಲ್ಲ ಕಣ್ಣಿಗೆ ಹತ್ತಿರ ಬಂದು ನಿಂತವು.

"ನಟರಾಜು, ಎಡಗಡೆ ಕೊನೆಗೆ ನಿಂತ್ಕೊ. ಆ ಕಂಬದ ಪಕ್ಕ" ಎಂದೆ.

"ನಿಂತೆ."

ನಾನು ಗಡಿಯಾರವನ್ನು ಮಧ್ಯಕ್ಕಿಟ್ಟುಕೊಂಡು ಕಾದೆ. "ನಿಂತ್ಕೊಳೋ ಅಂದ್ರೆ."

"ಆಗ್ಲಿಂದ ನಿಂತೇ ಇವ್ನಿ ಕಣ್ಲಾ."

ಕ್ಯಾಮೆರಾ ಅಲುಗಿಸದೆ ಕಣ್ಣನ್ನು ಮಾತ್ರ ಕಂಬದ ಕಡೆಗೆ ಹೊರಳಿಸಿದೆ. ನಟರಾಜು ಹಲ್ಲು ಬಿಟ್ಟುಕೊಂಡು ನಿಂತಿದ್ದ. ಮತ್ತೆ ಗಡಿಯಾರ ನೋಡಿದೆ. ನಟರಾಜು ಇಲ್ಲ. ಕಪ್ಪಗೂ ಇಲ್ಲ, ಮಬ್ಬೂ ಇಲ್ಲ, ಅಲ್ಲಿ ಒಬ್ಬ ಮನುಷ್ಯ ಇರಬೇಕಿತ್ತು ಎನ್ನುವುದೇ ತಿಳಿಯುವುದಿಲ್ಲ. ನಿಕಾನ್ ಕೆಳಗಿಟ್ಟು ಕ್ಯಾನನ್ ಎತ್ತಿಕೊಂಡೆ. ಅದರಲ್ಲೂ ಹಾಗೇ. ದೇವರಾಣೆ ಹೇಳುತ್ತೇನೆ, ಒಂದು ಗಳಿಗೆ ನನಗೆ ಸಂತೋಷವಾಯಿತು. ನಿಂದೂ ಅಂಚು ತಿಂತದೆ ಎಂದು ಅವನಿಗೆ ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಬೆರಳು ಕ್ಲಿಕ್ ಒತ್ತಿತ್ತು. ಅಂಗಡಿಯವನು ಹಿಂದಿನ ಪರದೆಯನ್ನು ತೋರಿಸಿದ. ಮಧ್ಯದಲ್ಲಿ ಗಡಿಯಾರ. ಎಡಗಡೆ ಕೊನೆಯಲ್ಲಿ ನಟರಾಜು, ತಲೆಯಿಂದ ಚಪ್ಪಲಿಯವರೆಗೆ, ಒಂದಿಷ್ಟೂ ಕತ್ತರಿಸದೆ.

ನಾನು ಪರದೆಯನ್ನೇ ನೋಡುತ್ತ ನಿಂತದ್ದು ಕಂಡು ನಟರಾಜು ಹತ್ತಿರ ಬಂದ. ಅವನ ಮುಖದಲ್ಲಿ ನಗು ಇರಲಿಲ್ಲ. "ನನ್ ಮೂಗು ನೋಡ್ತಾ ಇರು. ಬೆರಳು ಕಂಡಾಗ ಹೇಳು" ಎಂದು ತನ್ನ ಎರಡೂ ಕೈಗಳನ್ನು ನನ್ನ ಕಿವಿಯ ಪಕ್ಕದಿಂದ ಮೆಲ್ಲಗೆ ಮುಂದಕ್ಕೆ ತಂದ. ಬೆರಳುಗಳು ಕಂಡದ್ದು ಅವನ ಕೆನ್ನೆಯ ಹತ್ತಿರ ಬಂದಾಗ. ಅವನಪ್ಪನಿಗೂ ಹೀಗೇ ಆಗಿತ್ತಂತೆ. ಅವನು ನನ್ನ ರಟ್ಟೆ ಹಿಡಿದು ಅಂಗಡಿಯಿಂದ ಇಳಿಸಿದ. ಮೆಟ್ಟಿಲು ಎಂದು ಹೇಳಿದ. ಅದಕ್ಕೂ ನನಗೆ ಸಿಟ್ಟು ಬಂತು.

ಕಣ್ಣಾಸ್ಪತ್ರೆಯಲ್ಲಿ ಒಂದು ಯಂತ್ರದೊಳಗೆ ಮುಖ ಇಡಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ನಾನು ಒತ್ತಿದ್ದಕ್ಕಿಂತ ಕಾದದ್ದೇ ಹೆಚ್ಚು. ಕೊನೆಗೆ ಒಂದು ಕಾಗದ ಬಂತು. ಸುತ್ತಲೂ ಕಪ್ಪು, ನಡುವೆ ಹಪ್ಪಳದಷ್ಟು ಬಿಳಿ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಸಮಾಧಾನದಿಂದ ಹೇಳಿದರು. ಕಣ್ಣೊಳಗಿನ ಒತ್ತಡ ಹೆಚ್ಚಿ ನರ ಒಣಗಿದೆ, ಇದಕ್ಕೆ ಗ್ಲಾಕೋಮ ಎನ್ನುತ್ತಾರೆ, ಅಂಚಿನಿಂದ ತಿಂದುಕೊಂಡು ಒಳಗೆ ಬರುವುದರಿಂದ ಗೊತ್ತಾಗುವುದಿಲ್ಲ.

"ಹೋದದ್ದು ಬರುತ್ತಾ ಸಾರ್?"

"ಬರಲ್ಲ. ಉಳಿದಿರೋದು ಬೇಗ ಹೋಗದ ಹಾಗೆ ಹನಿ ಹಾಕೋಬೇಕು. ಏನು ಕೆಲಸ ಮಾಡ್ತೀರಿ?"

ನನ್ನ ಬದಲು ನಟರಾಜುವೇ ಹೇಳಿದ. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕ್ಯಾಮೆರಾದ ಮಾತು ಬರಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಅದೇ ಮೊದಲು. ಈಗ ನನಗೆ ಎಲ್ಲ ತಿಳಿದುಹೋಗಿತ್ತು. ಆ ದಿನ ಮಲ್ಲಾಜಮ್ಮನ ಕಡೆ ಕಣ್ಣು ಹೊರಳಿಸಿದಾಗ ಅವರು ಕಂಡಿದ್ದರು, ಬಂದ್ರಿ ಎಂದೆ. ಮದುಮಕ್ಕಳ ಕಡೆ ತಿರುಗಿದೆ, ಕ್ಯಾಮೆರಾ ಒಂದು ಚೂರು ಬಲಕ್ಕೆ ಸರಿಯಿತು. ಅವರು ಆಚೆ ಹೋದದ್ದು ನನಗೆ ಗೊತ್ತಾಗಲಿಲ್ಲ. ಅರ್ಧ ಮುಖದ ಚಿಕ್ಕಪ್ಪನೂ ಹಾಗೇ, ಬಾರದ ಅತ್ತೆಯೂ ಹಾಗೇ. ಎರಡು ವರ್ಷ ನಾನು ಎಷ್ಟು ಜನ ವಿಧವೆಯರನ್ನು ಅಳಿಸಿದ್ದೆನೋ, ಅವರೆಲ್ಲ ಅಂಚಿಗೇ ನಿಂತವರು. ಹುಣಸೂರಿನಲ್ಲಿ ಇಳಿಯುವಾಗ ನಟರಾಜು, ನಾನು ಇನ್ನೊಂದು ದಿನ ಹೋಗಿ ಕ್ಯಾನನ್ ತಗೋತೀನಿ ಎಂದು ಮೆಲ್ಲಗೆ ಹೇಳಿದ, ತಪ್ಪು ಮಾಡಿದವನ ಹಾಗೆ.

ಮನೆಯಲ್ಲಿ ಕಾಗದ ಬಿಚ್ಚಿ ತೋರಿಸಿದೆ. ಸುನಂದ ಅಳಲಿಲ್ಲ. ಬಾಗಿಲ ಚೌಕಟ್ಟಿನ ಹತ್ತಿರ ಹೋಗಿ, ಅದರ ಪಕ್ಕದಲ್ಲಿಟ್ಟಿದ್ದ ನೀರಿನ ಕೊಡವನ್ನು ಎತ್ತಿ ಒಳಗಿಟ್ಟಳು. ಮೊಳೆಗೆ ತಗುಲಿಸಿದ್ದ ಕೊಡೆಯನ್ನೂ ತೆಗೆದಳು.

ಮರುದಿನ ಜವರಯ್ಯ ಬಂದ. ಕೈಯಲ್ಲಿ ಫೋಟೋ ಹಾಕಲು ಗಾಜು ಹಾಕಿಸಿದ ಖಾಲಿ ಕಟ್ಟು, ಅಳತೆಗೆ ಇರಲಿ ಎಂದು ತಂದಿದ್ದ. ಫೋಟೋ ಇಲ್ಲ ಎಂದು ಹೇಳಿ ಕಂಪ್ಯೂಟರಿನಲ್ಲಿ ಆ ನಾಲ್ಕನ್ನೂ ತೋರಿಸಿದೆ. ಅವನು ಬಗ್ಗಿ, ಹಚ್ಚೆಯ ಕೈಯನ್ನು ಪರದೆಯ ಮೇಲೆ ಬೆರಳಿನಿಂದ ಮುಟ್ಟಿದ.

"ಇದು ಅವ್ವನ ಕೈಯೇ" ಎಂದ. ಆಮೇಲೆ ನಿಟ್ಟುಸಿರು ಬಿಟ್ಟ. "ಬುಡಿ ಚಲುವಣ್ಣ. ನಿಮ್ ತಪ್ಪೇನು ಬಂತು. ಅವ್ಳು ಮೊದ್ಲಿಂದ್ಲೂ ಇಂಗೇ. ಎಷ್ಟ್ ಕರದ್ರೂ ಮುಂದಕ್ಕೆ ಬರಾಕಿಲ್ಲ. ಮೊಮ್ಮಗಳ ಮದ್ವೇಲೂ ಬರನಿಲ್ಲ ನೋಡಿ."

ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇನ್ನೊಂದೆರಡು ವರ್ಷ ಹೇಗೋ ತಳ್ಳಬಹುದಿತ್ತು, ಎಲ್ಲ ತಪ್ಪನ್ನೂ ಅಂಚಿನಲ್ಲಿ ನಿಂತವರ ಮೇಲೆ ಹಾಕಿ. ಆದರೆ ಆ ಮುದುಕಿ ಜನ್ಮದಲ್ಲಿ ಒಂದು ಸಲ ಒಳಗೆ ಬಂದಿದ್ದರು, ಅದೂ ನಾನು ಕರೆದದ್ದಕ್ಕೆ. ಬಂದೆನೇ ಎಂದು ಕೇಳಿದ್ದರು.

"ಬಂದಿದ್ರು ಜವರಯ್ಯ" ಎಂದೆ. "ನಿಮ್ಮವ್ವ ಬಂದಿದ್ರು. ಸೆರಗು ಸರಿಮಾಡ್ಕಂಡು, ನನ್ನನ್ನೇ ನೋಡ್ಕಂಡು ನಿಂತಿದ್ರು. ನಂಗೇ ಕಾಣಲಿಲ್ಲ. ನನ್ ಕಣ್ಣು ಹೋಗ್ತಾ ಅವೆ."

ನನ್ನ ಮಗ್ಗುಲಲ್ಲಿದ್ದವನು ಎದ್ದು ಬಂದು ನನ್ನ ಎದುರಿಗೆ, ಸರಿಯಾಗಿ ಮಧ್ಯಕ್ಕೆ, ನಿಂತುಕೊಂಡ. ಖಾಲಿ ಕಟ್ಟು ಎದೆಗೆ ಒತ್ತಿಕೊಂಡಿದ್ದ. ಅವ್ವ ಹೋದ ಮನೆಯಲ್ಲಿ ವರ್ಷದೊಳಗೆ ಶುಭ ಕಾರ್ಯ ಆಗಲೆಂದು ಕಿರಿಮಗಳು ರಮ್ಯಾಳ ಮದುವೆಯನ್ನು ಮಾಘಕ್ಕೆ ಇಟ್ಟುಕೊಂಡಿದ್ದರು. ಅದರ ಫೋಟೋವನ್ನೂ ಮೊನ್ನೆ ಬಂದಾಗ ನನಗೇ ಒಪ್ಪಿಸಿದ್ದ.

"ಅಂಗಾರೆ ರಮ್ಯಾನ ಮದ್ವೆಗೆ..." ಎಂದು ನಿಲ್ಲಿಸಿದ. ಮುಂದಿನದನ್ನು ಹೇಳುವ ಧೈರ್ಯ ಅವನಿಗೆ ಬರಲಿಲ್ಲ.

ನಾನೇ ಹೇಳಿದೆ.

"ಹುಣಸೂರಿನ ನಟರಾಜುಗೆ ಹೇಳಿ. ಅವ್ನು ಕ್ಯಾನನ್ ತಗತಾವ್ನೆ, ಫುಲ್ ಫ್ರೇಮು. ಒಳ್ಳೇ ಕ್ಯಾಮೆರಾ ಜವರಯ್ಯ. ಅದ್ರಲ್ಲಿ ಎಲ್ಲಾರೂ ಬತ್ತಾರೆ."