ಒಂದೇ ರಿಂಗಿನ ಆಸಾಮಿ

ರಹಿಮಾನಸಾಬ ನದಾಫ ತನ್ನ ಜೀವಮಾನದಲ್ಲಿ ಯಾರಿಗೂ ಫೋನ್ ಮಾಡಿದವನಲ್ಲ. ಮಿಸ್ ಕಾಲ್ ಕೊಟ್ಟಿದ್ದಾನೆ, ಅಷ್ಟೇ. ನಮ್ಮ ಮೊರಬದಲ್ಲಿ ಗಾದಿ ಹೊಲಿಯುವವನು ಅವನೊಬ್ಬನೇ ಆದ್ದರಿಂದ ಊರವರೆಲ್ಲ ತೆಪ್ಪಗೆ ತಿರುಗಿ ಫೋನ್ ಮಾಡುತ್ತ ಬಂದಿದ್ದಾರೆ. 'ನನ್ನ ಗಾದಿ ಆತೇನು' ಎಂದು ಗಿರಾಕಿ ಕೇಳಬೇಕಾದದ್ದು ಗಿರಾಕಿಯ ಖರ್ಚಿನಲ್ಲಿ. 'ಆಗೇತಿ, ಒಯ್ಯಿ' ಎಂದು ಇವನು ಹೇಳಬೇಕಾದದ್ದೂ ಗಿರಾಕಿಯ ಖರ್ಚಿನಲ್ಲೇ. ಈಗಂತೂ ಒಮ್ಮೆ ರೀಚಾರ್ಜ್ ಮಾಡಿಸಿದರೆ ತಿಂಗಳಿಡೀ ಬಾಯಿ ನೋಯುವಷ್ಟು ಮಾತಾಡಬಹುದು, ಒಂದು ಪೈಸೆ ಹೆಚ್ಚಿಗೆ ಹೋಗುವುದಿಲ್ಲ. ಇದನ್ನು ನಾನೇ ಅವನಿಗೆ ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ. 'ಹೌದೇನು?' ಎಂದು ಆಶ್ಚರ್ಯಪಡುತ್ತಾನೆ, ಮನೆಗೆ ಹೋಗಿ ಮಿಸ್ ಕಾಲ್ ಕೊಡುತ್ತಾನೆ. ಒಂದೇ ರಿಂಗು. ಎರಡನೆಯ ರಿಂಗು ಬಂತೆಂದರೆ ಅದು ರಹಿಮಾನಸಾಬ ಅಲ್ಲವೆಂದು ಕಣ್ಣು ಮುಚ್ಚಿ ಹೇಳಬಹುದು.

ನಾನು ಭರಮಪ್ಪ. ಅವನ ಬಾಜೂ ಮನೆಯವನು, ಚಡ್ಡಿ ಹಾಕುವ ಕಾಲದಿಂದ ಅವನ ಗೆಳೆಯ. ಬಾಯಿಪಾಠ ಬರುವ ಫೋನ್ ನಂಬರು ಅವನಿಗೆ ಜಗತ್ತಿನಲ್ಲಿ ಒಂದೇ ಒಂದಿದೆ, ಅದು ನನ್ನದು. ಈ ಭಾಗ್ಯಕ್ಕಾಗಿ ನಾನು ಹಿಂದಿನ ಜನ್ಮದಲ್ಲಿ ಏನು ಮಾಡಿದ್ದೆನೋ ಗೊತ್ತಿಲ್ಲ.

ಇಂಥವನು ಹೆಂಡತಿ ಖಾದರಬಿಯನ್ನು ಕರೆದುಕೊಂಡು ಉಮ್ರಾ ಯಾತ್ರೆಗೆ ಮೆಕ್ಕಾಕ್ಕೆ ಹೊರಟ. ಹುಬ್ಬಳ್ಳಿಯಿಂದ ಹೊರಡುವ ಒಂದು ತಂಡದ ಜೊತೆ. ವರ್ಷಗಟ್ಟಲೆ ಹತ್ತಿ ಬಡಿದು, ಗಾದಿ ಹೊಲಿದು ಕೂಡಿಟ್ಟದ್ದನ್ನೆಲ್ಲ ಒಂದೇ ಸಲಕ್ಕೆ ಎಣಿಸಿ ಕೊಟ್ಟ, ಹಿಂದೆಮುಂದೆ ನೋಡಲಿಲ್ಲ. ಹಿಂದೆಮುಂದೆ ನೋಡಿದ್ದು ಅಲ್ಲಿಂದ ಮನೆಗೆ ಫೋನ್ ಮಾಡುವುದು ಹೇಗೆ ಎಂಬ ಮಾತು ಬಂದಾಗ.

ಮೊಬೈಲ್ ಅಂಗಡಿಯ ದಾನೀಶನ ಮುಂದೆ ಪಂಚಾಯ್ತಿ ಕೂಡಿತು. ದಾನೀಶ್ ನಮ್ಮೂರ ವಿಜ್ಞಾನಿ. ಫೋನಿನ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಅವನೇ ಹೇಳಿದ್ದಾನೆ.

"ಮೂರು ದಾರಿ ಅದಾವ ಕಾಕಾ," ಎಂದ. "ನಿಮ್ಮ ಸಿಮ್ಮಿಗೇ ರೋಮಿಂಗ್ ಪ್ಯಾಕ್ ಹಾಕಸ್ರಿ. ಇಲ್ಲಾಂದ್ರ ಅಲ್ಲಿ ವಿಮಾನ ಇಳದ ಕೂಡ್ಲೆ ಪಾಸ್‌ಪೋರ್ಟ್ ತೋರಿಸಿ ಅಲ್ಲೀ ಸಿಮ್ ತಗೋರಿ. ಅದೂ ಬ್ಯಾಡಂದ್ರ ಹೋಟೆಲಿನ ವೈಫೈ ಹಿಡದು ಆ್ಯಪಿನ್ಯಾಗ ಮಾತಾಡ್ರಿ. ಅದು ಪುಕ್ಕಟೆ."

ಕೊನೆಯ ಮಾತು ಕೇಳಿ ರಹಿಮಾನಸಾಬನ ಮುಖ ಅರಳಿತು. ಮೊದಲಿನ ಎರಡು ದಾರಿಗಳನ್ನು ಅವನು ಆಮೇಲೆ ಎಂದೂ ನೆನೆಸಿಕೊಳ್ಳಲಿಲ್ಲ. ಅಷ್ಟರಲ್ಲಿ ಅಲ್ಲಿ ಕುಳಿತಿದ್ದ ಭೀಮೇಶ, ತಾಲೂಕು ದಾಟಿ ಎಲ್ಲೂ ಹೋಗದವನು, ವಿದೇಶದ ಅನುಭವ ಹೇಳತೊಡಗಿದ. "ಹೊರದೇಶದಾಗ ಫೋನ್ ಸುಮ್ಮ ಚಾಲೂ ಇಟ್ಟರ ಸಾಕು, ರೊಕ್ಕ ಹರದು ಹೋಕ್ಕೇತಿ. ನಮ್ಮ ಅಳಿಯನ ಗೆಳೆಯಾಗ ಹಂಗ ಆಗೇತಿ." ಅಳಿಯನ ಗೆಳೆಯನಿಗೇ ಆದ ಮೇಲೆ ಮುಗಿಯಿತು. ರಹಿಮಾನಸಾಬ ಅಲ್ಲೇ ಕುಳಿತು ಫ್ಲೈಟ್ ಮೋಡ್ ಹಾಕುವುದನ್ನು ಕಲಿತ. ತೆಗೆಯುವುದನ್ನು ಕಲಿಯಲಿಲ್ಲ.

"ವೈಫೈ ಹತ್ತಲಿಲ್ಲಂದ್ರ?" ಎಂದಳು ಖಾದರಬಿ. ಅಷ್ಟು ಜನರಲ್ಲಿ ತಲೆ ಇದ್ದದ್ದು ಅವಳೊಬ್ಬಳಿಗೇ.

"ಭರಮಗ ಮಿಸ್ ಕಾಲ್ ಕೊಡ್ತೇನಿ. ಬಂತಂದ್ರ ನಾವಿಬ್ರೂ ಆರಾಮ ಅದೇವಿ ಅಂತ ತಿಳಕೋಬೇಕು."

"ಆರಾಮ ಇಲ್ಲಂದ್ರ?"

ರಹಿಮಾನಸಾಬ ಚಹಾ ತರಿಸಲು ಹೇಳಿದ, ನನ್ನ ಹೆಸರಿಗೆ.

ಇಷ್ಟೆಲ್ಲ ಹಾಸ್ಯ ಮಾಡುತ್ತಿದ್ದೇನೆ, ಆದರೆ ಅವನ ಮಗಳು ಶಮಾ ತುಂಬು ಬಸುರಿ ಇದ್ದಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅಪ್ಪ ಅವ್ವ ವಾಪಸ್ ಬಂದ ಮೇಲೆ ಹೆರಿಗೆ ಎಂದು ಡಾಕ್ಟರು ಹೇಳಿದ್ದರಿಂದ ಅವಳೇ ಒತ್ತಾಯ ಮಾಡಿ ಇಬ್ಬರನ್ನೂ ಕಳಿಸಿದಳು. ಹೋಗುವಾಗ ರಹಿಮಾನಸಾಬ ಮಗಳ ತಲೆ ಮೇಲೆ ಕೈಯಿಟ್ಟು ಹೇಳಿದ್ದು ಒಂದೇ ಮಾತು: "ಕೂಸಿನ ಕಿವ್ಯಾಗ ಅಜಾನ್ ನಾನ ಹೇಳಾವ. ಮತ್ತ್ಯಾರೂ ಹೇಳಬಾರದು."

ಅವರಲ್ಲಿ ಕೂಸು ಹುಟ್ಟಿದ ಕೂಡಲೇ ಮನೆಯ ಹಿರಿಯರೊಬ್ಬರು ಅದರ ಬಲಗಿವಿಯಲ್ಲಿ ಅಜಾನ್ ಹೇಳುತ್ತಾರೆ. ಕೂಸು ಈ ಲೋಕದಲ್ಲಿ ಮೊದಲು ಕೇಳುವ ಮಾತು ಅದೇ ಆಗಬೇಕು. ಶಮಾ ಹುಟ್ಟಿದಾಗ ಇವನು ಅಳ್ನಾವರದಲ್ಲಿದ್ದ, ಹತ್ತಿ ಬಡಿಯುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಮನೆ ಮನೆ ತಿರುಗುತ್ತ. ಅಲ್ಲಿ ಸ್ಟೇಷನ್ನಿನ ಎದುರಿಗೇ ಎಸ್‌ಟಿಡಿ ಬೂತ್ ಇತ್ತು. ಇಲ್ಲಿ ಊರ ಪೋಸ್ಟಾಫೀಸಿನಲ್ಲಿ ಫೋನಿತ್ತು. ಹೆಂಡತಿಗೆ ದಿನ ತುಂಬಿವೆ ಎಂದೂ ಗೊತ್ತಿತ್ತು. ಆದರೆ ಬೂತಿನಲ್ಲಿ ಮೀಟರು ಓಡುತ್ತದಲ್ಲ! ಅವನು ಬರುವ ಹೊತ್ತಿಗೆ ಕೂಸು ತೊಟ್ಟಿಲಲ್ಲಿತ್ತು, ಅಜಾನನ್ನು ಸದಾ ಕೆಮ್ಮುವ ಅವನ ಕಾಕಾ ಹೇಳಿ ಮುಗಿಸಿದ್ದ. ಶಮಾ ಹಟ ಮಾಡಿದಾಗಲೆಲ್ಲ "ಮೊದಲ ಮಾತು ಅಪ್ಪಂದು ಬಿದ್ದಿದ್ರ ಹಿಂಗ ಆಗತಿದ್ದಿಲ್ಲ" ಎನ್ನುತ್ತಾನೆ. ನಗುತ್ತಲೇ ಎನ್ನುತ್ತಾನೆ. ಆದರೆ ಅದು ಅವನ ಎದೆಯಲ್ಲಿ ಮುಳ್ಳಾಗಿ ಉಳಿದದ್ದು ನನಗೆ ಗೊತ್ತು.

ಅವರು ಹೋದ ಮೇಲೆ ಅವನ ನಂಬರಿನಿಂದ ಒಂದು ಸುದ್ದಿ ಇಲ್ಲ. ಶಮಾ ಕಳಿಸಿದ ವಾಟ್ಸಾಪ್ ಮೆಸೇಜುಗಳೆಲ್ಲ ಒಂದೇ ಟಿಕ್ ಹಾಕಿಕೊಂಡು ಕುಳಿತವು. ಆ ನಡುವೆ ಒಂದು ಸಂಜೆ ನಾನು ದಾನೀಶನ ಅಂಗಡಿಯಲ್ಲಿದ್ದಾಗ ನನ್ನ ಫೋನು ಒಮ್ಮೆ ರಿಂಗಾಗಿ ಸುಮ್ಮನಾಯಿತು. ಪ್ಲಸ್ ಚಿಹ್ನೆಯ ಮುಂದೆ ಉದ್ದನೆಯ ನಂಬರು.

ದಾನೀಶ್ ಹಾವು ಕಂಡವನ ಹಾಗೆ ಎದ್ದು ನಿಂತ. "ಮುಟ್ಟಬ್ಯಾಡ್ರಿ ಕಾಕಾ! ಹೊರದೇಶದ ಮಿಸ್ ಕಾಲ್! ತಿರುಗಿ ಮಾಡಿದ್ರಿ ಅಂದ್ರ ಬ್ಯಾಲೆನ್ಸ್ ಪೂರಾ ಸಾಫ್. ಹೊಸಾ ನಮೂನಿ ಮೋಸ ಐತಿದು." ಫೋನು ಕಸಿದುಕೊಂಡು ಆ ನಂಬರನ್ನು ಬ್ಲಾಕ್ ಮಾಡಿದ. ನಾನು ಸಂತೋಷದಿಂದ ಅವನಿಗೆ ಚಹಾ ಕುಡಿಸಿದೆ. ಬುದ್ಧಿವಂತರು ಊರಲ್ಲಿದ್ದರೆ ಇದೇ ಅನುಕೂಲ.

ಡಾಕ್ಟರು ಹೇಳಿದ್ದನ್ನು ಕೂಸು ಕೇಳಿಸಿಕೊಂಡಿರಲಿಲ್ಲ. ದಿನ ತುಂಬುವ ಮೊದಲೇ ಶಮಾಗೆ ಹೆರಿಗೆಯ ಬ್ಯಾನಿ ಎದ್ದವು. ನನ್ನ ಹೆಂಡತಿ ರೇಣುಕವ್ವ ಅವಳ ಜೊತೆ ನವಲಗುಂದದ ಆಸ್ಪತ್ರೆಗೆ ಹೋದಳು, ನಾನು ಹಿಂದೆ ಬಸ್ಸು ಹಿಡಿದೆ. ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಗಟ್ಟಿ. ಕುಂದಗೋಳದಿಂದ ಅಳಿಯ ಮುಜಫರ್ ಓಡಿ ಬಂದ, ಅವನ ಹಿಂದೆ ಅವನ ಅಪ್ಪ ಅಲ್ಲಾಸಾಬ. ಅಲ್ಲಾಸಾಬರು ಮೃದು ಮನುಷ್ಯ, ಆದರೆ ರೀತಿ ರಿವಾಜಿನ ವಿಷಯದಲ್ಲಿ ಬಿಗಿ. ಬಂದವರೇ ಕೈಕಾಲು ಮುಖ ತೊಳೆದುಕೊಂಡು ಕೂಸನ್ನು ಕೇಳಿದರು.

ಒಳಗಿನಿಂದ ಶಮಾ ಹೇಳಿ ಕಳಿಸಿದಳು: "ನಮ್ಮಪ್ಪ ಹೇಳಬೇಕು. ಫೋನಿನ್ಯಾಗರ ಹೇಳ್ಲಿ."

"ಫೋನಿನ್ಯಾಗ ಅಜಾನ್ ಹೇಳೂದು ಎಲ್ಲಿ ಕೇಳೀರಿ?" ಎಂದರು ಅಲ್ಲಾಸಾಬರು. "ಆಗ್ಲಿ, ಹಡದಾಕಿ ಮಾತು, ಇಲ್ಲ ಅನ್ನೂದಿಲ್ಲ. ಸಂಜಿ ನಮಾಜಿನ ತನಕ ನೋಡೂಣು. ಹೊತ್ತು ಮುಳುಗಿದಮ್ಯಾಲೆ ನಾ ಹೇಳಾವ."

ಅಲ್ಲಿಂದ ಶುರುವಾಯಿತು ನಮ್ಮ ಫೋನಿನ ಯಾತ್ರೆ. ರಹಿಮಾನಸಾಬನ ನಂಬರು ಸ್ವಿಚ್ ಆಫ್. ಖಾದರಬಿಗೆ ಬೇರೆ ಫೋನು ಯಾಕೆ ಎಂದು ಅವಳದನ್ನು ಮನೆಯಲ್ಲೇ ಬಿಡಿಸಿ ಹೋಗಿದ್ದ. ತಂಡ ಕಳಿಸಿದ ಆಫೀಸಿಗೆ ಫೋನ್ ಮಾಡಿದರೆ "ಎಲ್ಲಾರೂ ಆರಾಮ ಅದಾರ, ಗೈಡಿಗೆ ಮೆಸೇಜ್ ಹಾಕ್ತೇವಿ" ಎಂದರು. ಗೈಡಿಗೆ ಹೋದ ಮೆಸೇಜಿಗೂ ಒಂದೇ ಟಿಕ್. ಇಡೀ ಭೂಮಿಯ ಮೇಲೆ ಯಾರು ಯಾರ ಜೊತೆ ಬೇಕಾದರೂ ಮುಖ ನೋಡಿ ಮಾತಾಡುವ ಕಾಲದಲ್ಲಿ ನಮಗೆ ಒಬ್ಬ ಗಾದಿ ಹೊಲಿಯುವವನು ಸಿಗಲಿಲ್ಲ.

ಹೊತ್ತು ಇಳಿಯುತ್ತ ಬಂತು. ಶಮಾ ಅಳುತ್ತಿದ್ದಾಳೆ ಎಂದು ರೇಣುಕವ್ವ ಹೊರಗೆ ಬಂದು ಹೇಳಿದಳು. ನನ್ನನ್ನು ನೋಡಿ, "ನಿಮ್ಮ ಗೆಳೆಯಾ ಮಿಸ್ ಕಾಲರ ಕೊಡ್ತೇನಂದಿದ್ನಲ್ಲ, ಅದನ್ನೂ ಉಳಿಸಿದ್ನೇನು?" ಎಂದಳು.

ಮಿಸ್ ಕಾಲ್! ನನ್ನ ತಲೆಗೆ ಯಾರೋ ಹೊಡೆದ ಹಾಗಾಯಿತು.

"ಮುಜಫರ್, ಬ್ಲಾಕ್ ಮಾಡಿದ್ದು ಎಲ್ಲಿ ಇರತೈತಿ ತಗಿಯೋ!" ಎಂದು ಕೂಗಿದೆ. ಅವನು ನನ್ನ ಫೋನಿನಲ್ಲಿ ಪಟ್ಟಿ ಹುಡುಕಿ ಬ್ಲಾಕ್ ತೆಗೆದ. ಆ ಉದ್ದನೆಯ ನಂಬರು ಅಂದಿನಿಂದ ದಿನಾ ಬಂದಿತ್ತು. ದಿನಾ ಸಂಜೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ. ಯಾವ ಮೋಸಗಾರ ಇಷ್ಟು ಶಿಸ್ತಿನಿಂದ ಮೋಸ ಮಾಡುತ್ತಾನೆ? ಹೊರದೇಶಕ್ಕೆ ಹೋಗಿ, ಯಾರದೋ ಫೋನು ಇಸಿದುಕೊಂಡು, ಒಂದೇ ರಿಂಗಿಗೆ ಕಟ್ ಮಾಡುವ ಆಸಾಮಿ ಈ ಜಗತ್ತಿನಲ್ಲಿ ಒಬ್ಬನೇ. ಅವನು ದಿನಾ ತಪ್ಪದೆ ಆರಾಮ ಇದ್ದೇನೆ ಎಂದು ಹೇಳಿದ್ದ. ನಾವು ದಿನಾ ಅವನನ್ನು ಕಳ್ಳರ ಪಟ್ಟಿಯಲ್ಲಿ ಹಾಕಿದ್ದೆವು.

ತಿರುಗಿ ಮಾಡಿದರೆ, ನಿಮ್ಮ ನಂಬರಿಗೆ ಹೊರದೇಶದ ಸೌಲಭ್ಯ ಇಲ್ಲ ಎಂದು ಒಬ್ಬ ಹೆಣ್ಣುಮಗಳು ಮೂರು ಭಾಷೆಯಲ್ಲಿ ವಿನಯದಿಂದ ಹೇಳಿದಳು. ಮುಜಫರ್‌ನ ಫೋನಿನಲ್ಲೂ ಅವಳೇ ಇದ್ದಳು. ಇನ್ನು ಉಳಿದದ್ದು ಒಂದೇ ದಾರಿ. ಅವನ ಮಿಸ್ ಕಾಲ್ ಬಂದಾಗ, ಅವನು ಕಟ್ ಮಾಡುವ ಮೊದಲು, ನಾನು ಎತ್ತಬೇಕು. ಇಡೀ ಮೊರಬದಲ್ಲಿ ಈ ಕೆಲಸ ಇಂದಿನವರೆಗೆ ಯಾರಿಂದಲೂ ಆಗಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ಬೆಂಚಿನ ಮೇಲೆ ಕುಳಿತೆ. ಅಂಗೈಯಲ್ಲಿ ಫೋನು, ಹೆಬ್ಬೆರಳು ಅದರ ಮೇಲೆ. ಅಲ್ಲಾಸಾಬರು ಒಮ್ಮೆ ಆಕಾಶ ನೋಡಿದರು, ಒಮ್ಮೆ ನನ್ನ ಹೆಬ್ಬೆರಳು ನೋಡಿದರು. ರೇಣುಕವ್ವ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಳು. ನಮ್ಮನ್ನು ನೋಡಿ ಉಳಿದ ರೋಗಿಗಳ ಕಡೆಯವರೂ ವಿಷಯ ಏನೆಂದು ಗೊತ್ತಿಲ್ಲದೆ ಉಸಿರು ಬಿಗಿ ಹಿಡಿದರು.

ಫೋನು ಮಿಸುಕಿತು. ಒತ್ತಿದೆ!

"ರಹಿಮಾನಾ!"

"ಯಾಕ ಎತ್ತಿದಿ ಲೇ!" ಎಂದು ಮೆಕ್ಕಾದಿಂದ ಅವನು ಚೀರಿದ. "ಮಂದಿ ಫೋನ್ ಐತಿ, ರೊಕ್ಕಾ ಹೋಕ್ಕೇತಿ!" ಕಟ್.

ನಾನು ಅವನಿಗೆ ಬೈದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ, ಪುಣ್ಯಕ್ಷೇತ್ರದಲ್ಲಿದ್ದವನಿಗೆ ಅಂಥ ಮಾತು ಆಡಬಾರದಿತ್ತು. ಅಲ್ಲಾಸಾಬರು ನಿಧಾನವಾಗಿ ಎದ್ದು, ಟೋಪಿ ಸರಿ ಮಾಡಿಕೊಂಡು, "ತರ್ರಿ ಯವ್ವಾ ಕೂಸನ್ನ," ಎಂದು ಕೈ ಚಾಚಿದರು. ರೇಣುಕವ್ವ ನನ್ನ ಮುಖ ನೋಡಿದಳು. ನನ್ನ ಕಣ್ಣಲ್ಲಿ ನೀರು ಬಂತು, ಸಿಟ್ಟಿನಿಂದ.

ಆಗ ಫೋನು ಮತ್ತೆ ರಿಂಗಾಯಿತು. ಒಂದು ರಿಂಗು. ಎರಡು ರಿಂಗು. ಎರಡನೆಯದು ಬಂತೆಂದರೆ ಅವನಲ್ಲ ಎಂದು ನನ್ನ ಬೆರಳೇ ಹಿಂಜರಿಯಿತು. ಮೂರನೆಯ ರಿಂಗಿಗೆ ಎತ್ತಿದೆ.

"ಭರಮಣ್ಣಾ, ನಾ ಖಾದರಬಿ. ಇಷ್ಟ ವರ್ಷದಾಗ ನೀ ಒಮ್ಮೆರ ಮಿಸ್ ಕಾಲ್ ಎತ್ತೀಯೇನು? ಎತ್ತೀಯಂದ್ರ ಏನೋ ಆಗೇತಿ. ಇವ್ರ ಕೈಯಾಗಿಂದ ಫೋನ್ ಕಸಗೊಂಡೆ. ಶಮಾ ಹೆಂಗದಾಳ?"

"ಹಡದಾಳವ್ವಾ. ಹೆಣ್ಣು ಕೂಸು. ಇಬ್ರೂ ಆರಾಮ. ಹೊತ್ತು ಮುಳುಗಾಕತ್ತೇತಿ, ಅಜಾನ್ ಆಗಿಲ್ಲ, ನಿನ್ನ ಗಂಡನ ಸಲುವಾಗಿ ಕಾಯಾಕತ್ತೇವಿ. ಕೊಡು ಆ ಪುಣ್ಯಾತ್ಮಗ!"

ಆ ಕಡೆ ಖಾದರಬಿ ಅಳುವುದು ಕೇಳಿಸಿತು. ಯಾರದೋ ಗಂಡಸಿನ ದನಿ, ಫೋನಿನ ಯಜಮಾನ ಇರಬೇಕು, "ಮಾತಾಡ್ರಿ ಮಾತಾಡ್ರಿ, ಬ್ಯಾಲೆನ್ಸಿಂದು ಚಿಂತಿ ಬ್ಯಾಡ," ಎಂದಿತು. ಅಣ್ಣಿಗೇರಿಯ ಜಹೀರುದ್ದೀನ ಅಂತೆ, ಆಮೇಲೆ ತಿಳಿಯಿತು. ವಿಮಾನ ಇಳಿದ ಕೂಡಲೇ ಸಿಮ್ ತೆಗೆದುಕೊಂಡ ದುಂದುಗಾರ.

ಸ್ಪೀಕರ್ ಹಾಕಿ ಫೋನನ್ನು ಕೂಸಿನ ಬಲಗಿವಿಯ ಹತ್ತಿರ ಒಯ್ದೆ. "ಅಷ್ಟ ಹತ್ರ ಹಿಡೀಬ್ಯಾಡ್ರಿ ಅಜ್ಜಾರ," ಎಂದು ನರ್ಸ್ ಗದರಿದಳು. ಸ್ವಲ್ಪ ದೂರ ಹಿಡಿದೆ. ಒಳಗೆ ಮಂಚದ ಮೇಲೆ ಶಮಾ ಎದ್ದು ಕುಳಿತದ್ದು ಬಾಗಿಲಿನಿಂದ ಕಾಣುತ್ತಿತ್ತು.

ರಹಿಮಾನಸಾಬ ಶುರು ಮಾಡಿದ. ಊರಲ್ಲಿ ಹತ್ತಿಯ ಧೂಳು ಕುಡಿದು ಕುಡಿದು ಒರಟಾದ ದನಿ ಅದು, ಗಿರಾಕಿಗಳ ಮೇಲೆ ರೇಗುವ ದನಿ. ಆ ದನಿ ಇಷ್ಟು ಮೆತ್ತಗಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಅರ್ಧಕ್ಕೆ ಬಂದಾಗ ಅದು ಕಟ್ಟಿತು. ಮುಂದೆ ಮಾತು ಹೊರಡಲಿಲ್ಲ, ಬರೀ ಉಸಿರು. ಆಗ ಫೋನಿನ ಅಜಾನ್ ಎಲ್ಲಿ ಕೇಳೀರಿ ಎಂದಿದ್ದ ಅಲ್ಲಾಸಾಬರು ಕೂಸಿನ ಕಡೆ ಬಾಗಿ, ಅವನು ನಿಲ್ಲಿಸಿದಲ್ಲಿಂದ ಸಣ್ಣ ದನಿಯಲ್ಲಿ ಎತ್ತಿಕೊಂಡರು. ಒಂದು ಸಾಲು ಅವರು ಹೇಳಿದರು, ಅದರ ಹಿಂದೆ ಅವನು ಸಾವರಿಸಿಕೊಂಡು ಸೇರಿದ. ಬೀಗರಿಬ್ಬರೂ ಕೂಡಿ ಮುಗಿಸಿದರು. ಕೂಸು ಒಮ್ಮೆ ಆಕಳಿಸಿತು.

ನಾನು ಫೋನಿನ ಕಡೆ ಬಾಗಿದೆ. "ಮುಗೀತಲ್ಲೋ," ಎಂದೆ. "ಕಟ್ ಮಾಡ್ಲೇನು? ಮೀಟರ್ ಓಡಾಕತ್ತೇತಿ."

"ಬ್ಯಾಡ ಲೇ ಭರಮಾ," ಎಂದ. "ಫೋನ್ ಅಲ್ಲೇ ಹಿಡಿ. ಕೂಸಿನ ಉಸಿರು ಕೇಳಾಕತ್ತೇತಿ."

ಹಿಡಿದೆ. ಈ ಕೈ ಸೋತರೆ ಆ ಕೈಯಲ್ಲಿ ಹಿಡಿದೆ. ಅಲ್ಲಾಸಾಬರು ನಮಾಜಿಗೆ ಹೋಗಿ ಬಂದರು. ಆ ಕಡೆಯಿಂದ ಮಾತಿಲ್ಲ, ಈ ಕಡೆಯಿಂದ ಮಾತಿಲ್ಲ, ದುಡ್ಡು ಮಾತ್ರ ಸುಮ್ಮನೆ ಹರಿಯುತ್ತಿತ್ತು. ಕೊನೆಗೊಮ್ಮೆ ಟಕ್ ಎಂದು ಫೋನು ಸತ್ತಿತು.

"ಅಪ್ಪ ಕಟ್ ಮಾಡಿದ್ನೇನು ಕಾಕಾ?" ಎಂದಳು ಒಳಗಿನಿಂದ ಶಮಾ.

"ಇಲ್ಲವ್ವಾ," ಎಂದೆ. "ಅವ ಕಟ್ ಮಾಡ್ಲಿಲ್ಲ. ಬ್ಯಾಲೆನ್ಸ್ ಮುಗೀತು."