ಮೂರನೇ ಲಿಫ್ಟಿನ ಸದ್ದು

ಪತ್ರಿಕೆ ಮುಚ್ಚುವವರೆಗೂ ಅವಳು ಅಲ್ಲಿ ಕರಡು ತಿದ್ದುತ್ತಿದ್ದಳು. ಆಮೇಲೆ ಸಿಕ್ಕಿದ್ದು ಈ ಕೆಲಸ: ಜನ ಫೋನಿನಲ್ಲಿ ಬರೆದು ಹಾಕಿದ್ದನ್ನು ಓದಿ, ಇರಬೇಕೋ ಹೋಗಬೇಕೋ ಎಂದು ಗುರುತು ಹಾಕುವುದು. ಕಿಟಕಿ ತೆರೆಯದ ಕೋಣೆ, ಉದ್ದನೆಯ ಮೇಜು, ತಲೆಗೊಂದು ಪರದೆ. ಒಂದು ಪೋಸ್ಟಿಗೆ ಒಂದೂವರೆ ನಿಮಿಷ. ಪಕ್ಕದಲ್ಲಿ ನಾಲ್ಕು ಗುಂಡಿ: ಸರಿ, ಅಭಿಪ್ರಾಯ, ಸುಳ್ಳು, ಹಾನಿಕರ ಸುಳ್ಳು. ಗೊತ್ತಿಲ್ಲ ಎನ್ನುವುದಕ್ಕೆ ಗುಂಡಿ ಇರಲಿಲ್ಲ. ಮೊದಲ ವಾರ ಅದನ್ನು ಕೇಳಿದಾಗ ಮೇಲ್ವಿಚಾರಕ, ಅದನ್ನಿಟ್ಟರೆ ಎಲ್ಲರೂ ಅದನ್ನೇ ಒತ್ತುತ್ತಾರೆ ಎಂದಿದ್ದ.

ಆ ಮಂಗಳವಾರ ಬಂದ ಪೋಸ್ಟು ಎರಡೇ ವಾಕ್ಯದ್ದು. "ದೊಡ್ಡಾಸ್ಪತ್ರೆಯ ಮೂರನೇ ಲಿಫ್ಟನ್ನು ಈ ವರ್ಷ ಯಾರೂ ಪರೀಕ್ಷೆ ಮಾಡಿಲ್ಲ. ಹಗ್ಗ ಸವೆದಿದೆ, ಇವತ್ತೋ ನಾಳೆಯೋ ಬೀಳುತ್ತದೆ, ಹತ್ತಬೇಡಿ." ಒಂಬತ್ತು ಸಾವಿರ ಜನ ಹಂಚಿದ್ದರು. ಬರೆದವನ ಹೆಸರಿನ ಜಾಗದಲ್ಲಿ 'ಲಿಫ್ಟ್ ಮೇಸ್ತ್ರಿ' ಎಂದಿತ್ತು. ಅವಳಿಗೆ ಅಷ್ಟು ಸಾಕಾಯಿತು. ಅದು ಅವಳ ಸೋದರಮಾವ. ಮೂವತ್ತೆಂಟು ವರ್ಷ ಲಿಫ್ಟು ರಿಪೇರಿ ಮಾಡಿ ನಿವೃತ್ತನಾದ ಮೇಲೆ, ಚೆನ್ನಾಗಿ ಓಡುತ್ತಿರುವ ಅತ್ತೆಯ ಮಿಕ್ಸಿಯನ್ನೂ ಬಿಚ್ಚಿ ಕೂರುವವನು.

ನಂಟರ ಪೋಸ್ಟು ಬಂದರೆ ಪಕ್ಕದವರಿಗೆ ದಾಟಿಸಬೇಕೆಂಬುದು ನಿಯಮ. ಅವಳು ದಾಟಿಸಲಿಲ್ಲ. ಜೊತೆಯಲ್ಲಿ ಆಸ್ಪತ್ರೆಯ ದೂರಿತ್ತು: ಎಲ್ಲ ಲಿಫ್ಟುಗಳೂ ಸುರಕ್ಷಿತ, ಪರೀಕ್ಷಾ ಪತ್ರ ಲಗತ್ತಿಸಿದೆ, ಈ ಸುದ್ದಿಗೆ ಹೆದರಿ ಮೆಟ್ಟಿಲು ಹತ್ತಿದ ಅಜ್ಜಿಯೊಬ್ಬರು ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಅವಳು ಪರೀಕ್ಷಾ ಪತ್ರವನ್ನು ಹಳೆಯ ಅಭ್ಯಾಸದಂತೆ ಅಕ್ಷರ ಬಿಡದೆ ಓದಿದಳು. ಲಿಫ್ಟು ಒಂದು, ಎರಡು, ನಾಲ್ಕು, ಐದು. ಮೂರು ಇರಲಿಲ್ಲ.

ಊಟದ ಬಿಡುವಿನಲ್ಲಿ ಹೊರಗೆ ಹೋಗಿ ಮಾವನಿಗೆ ಫೋನು ಮಾಡಿದಳು. ಹಗ್ಗವನ್ನು ಕಣ್ಣಾರೆ ನೋಡಿದಿರಾ ಎಂದು ಕೇಳಿದಳು. ನೋಡಿರಲಿಲ್ಲ. ಅತ್ತೆಯ ಕಣ್ಣು ತೋರಿಸಲು ಹೋಗಿದ್ದಾಗ, ಲಿಫ್ಟು ನಿಲ್ಲುವ ಹೊತ್ತಿಗೆ ಉಜ್ಜಿದಂಥ ಸದ್ದು ಕೇಳಿದ್ದ. ಒಳಗೆ ಅಂಟಿಸಿದ್ದ ಪರೀಕ್ಷೆಯ ಚೀಟಿ ಹೋದ ವರ್ಷದ್ದು. ಎರಡು ಅರ್ಜಿ ಕೊಟ್ಟಿದ್ದ, ಉತ್ತರ ಬಂದಿರಲಿಲ್ಲ.

"ಹಾಗಾದ್ರೆ ಮೊದಲನೇ ವಾಕ್ಯ ಮಾತ್ರ ಇಡಿ ಮಾವ. ಎರಡನೇದು ನಿಮಗೇ ಖಾತ್ರಿ ಇಲ್ಲ."

"ಮೊದಲನೇದನ್ನೇ ಅಲ್ವಾ ಅರ್ಜೀಲಿ ಬರ್ದಿದ್ದು? ಯಾರೂ ಮೂಸಿ ನೋಡ್ಲಿಲ್ಲ. ಬೀಳುತ್ತೆ ಅಂದ್ಮೇಲೆ ತಾನೆ ಓದಿದ್ದು?"

"ಒಬ್ಬರು ಅಜ್ಜಿ ಬಿದ್ದು ಸೊಂಟ ಮುರ್ಕೊಂಡಿದಾರೆ."

ಮಾವ ಫೋನಿಟ್ಟ.

ಅವಳು ವಾಪಸು ಬಂದು ಮೇಲ್ವಿಚಾರಕನಿಗೆ ಎಲ್ಲವನ್ನೂ ಹೇಳಿದಳು, ನಂಟನ್ನೂ ಫೋನನ್ನೂ ಸೇರಿಸಿ. ಅವನು ಬೈಯಲಿಲ್ಲ. ಪರೀಕ್ಷಾ ಪತ್ರವನ್ನು ತಾನೂ ಎರಡು ಸಲ ಬೆರಳಿಟ್ಟು ಓದಿದ.

"ಅರ್ಧ ನಿಜ ಇದೆ, ಒಪ್ಪಿದೆ. ಅರ್ಧಕ್ಕೆ ನಮ್ಮ ಹತ್ರ ಗುಂಡಿ ಇಲ್ವಲ್ಲ" ಎಂದ.

ಬರೆದವನಿಗೆ ಅದು ಸುಳ್ಳೆಂದು ಗೊತ್ತಿದ್ದರೆ ಮಾತ್ರ ನಾಲ್ಕನೇ ಗುಂಡಿ ಒತ್ತಬೇಕೆಂದು ನಿಯಮದಲ್ಲೇ ಇದೆ ಎಂದು ಅವಳು ವಾದಿಸಿದಳು. ಗೊತ್ತಿತ್ತೋ ಇಲ್ಲವೋ ತನಗೆ ಕಾಣುವುದಿಲ್ಲ, ಮುರಿದ ಸೊಂಟ ಕಾಣುತ್ತದೆ ಎಂದು ಅವನು ತಾನೇ ಆ ಗುಂಡಿ ಒತ್ತಿದ. ಪೋಸ್ಟು ಹೋಯಿತು. ಮಾವನ ಖಾತೆಗೆ ತೊಂಬತ್ತು ದಿನ ಬೀಗ ಬಿತ್ತು. ಅವಳನ್ನು ಜಾಹೀರಾತು ನೋಡುವ ವಿಭಾಗಕ್ಕೆ ಎತ್ತಿ ಹಾಕಿದರು. ಆದರೆ ಅವಳು ಪಟ್ಟು ಹಿಡಿದದ್ದಕ್ಕೆ, ಆಸ್ಪತ್ರೆಗೆ ಹೋದ ಉತ್ತರದಲ್ಲಿ ಮೇಲ್ವಿಚಾರಕ ಒಂದು ಸಾಲು ಸೇರಿಸಿದ: ನಿಮ್ಮ ಪತ್ರದಲ್ಲಿ ಮೂರನೇ ಲಿಫ್ಟು ಬಿಟ್ಟುಹೋಗಿದೆ.

ಆ ಸಾಲಿನಿಂದಲೋ, ಹಂಚಿದ ಜನರ ದೆಸೆಯಿಂದಲೋ, ಹದಿನೈದು ದಿನಕ್ಕೆ ಲಿಫ್ಟು ನಿಲ್ಲಿಸಿ ಬಿಚ್ಚಿದರು. ಹಗ್ಗ ಗಟ್ಟಿಮುಟ್ಟಾಗಿತ್ತು. ಬ್ರೇಕಿನ ಪಟ್ಟಿ ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಹಗ್ಗದಲ್ಲಿ ಯಾವ ದೋಷವೂ ಇಲ್ಲವೆಂದು ಆಸ್ಪತ್ರೆ ಪ್ರಕಟಣೆ ಕೊಟ್ಟಿತು. ಅದರ ಒಂದೊಂದು ಅಕ್ಷರವೂ ನಿಜ. ಬ್ರೇಕಿನ ವಿಷಯ ಹೇಳಿದ್ದು ಲಿಫ್ಟು ಬಿಚ್ಚಿದ ಮೆಕ್ಯಾನಿಕ್, ಮಾವನ ಹಳೆಯ ಜೊತೆಗಾರ.

ಮಾವ ಹಿಗ್ಗಲಿಲ್ಲ. ಬ್ರೇಕಿನ ಸದ್ದನ್ನು ಹಗ್ಗದ್ದೆಂದುಕೊಂಡೆನಲ್ಲ ಎಂದು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. 'ಹಗ್ಗ ಎಂದದ್ದು ನನ್ನ ತಪ್ಪು, ಸವೆದಿದ್ದು ಬ್ರೇಕು' ಎಂದು ತಿದ್ದುಪಡಿ ಬರೆದ. ಖಾತೆಗೆ ಬೀಗವಿತ್ತು. ನೀನಾದರೂ ಹಾಕು ಎಂದರೆ, ಅವಳಂಥ ಕೆಲಸದಲ್ಲಿರುವವರು ಇಂಥದ್ದನ್ನು ಬರೆಯುವಂತಿರಲಿಲ್ಲ. ಇನ್ನೂ ಆಸ್ಪತ್ರೆಯಲ್ಲೇ ಇದ್ದ ಅಜ್ಜಿಗಾದರೂ ಹೇಳಿ ಬರುತ್ತೇನೆಂದು ಹೊರಟ. ಅವಳೂ ಜೊತೆಗೆ ಹೋದಳು.

ಅಜ್ಜಿ ದಿಂಬಿಗೊರಗಿ ಎಲ್ಲವನ್ನೂ ಕೇಳಿಸಿಕೊಂಡರು. ಅವರ ಬಳಿ ಅಂಥ ಫೋನೇ ಇರಲಿಲ್ಲ, ಯಾವ ಪೋಸ್ಟನ್ನೂ ಓದಿರಲಿಲ್ಲ. ಮಾವನ ಮುಖ ತುಸು ಸಡಿಲವಾಯಿತು. ಮತ್ತೆ ಮೆಟ್ಟಿಲು ಯಾಕೆ ಹತ್ತಿದಿರಿ ಎಂದು ಕೇಳಿದ.

"ಎಲ್ಲಾ ಲಿಫ್ಟಿಗೂ ಜನ ಮುಗಿಬಿದ್ದಿದ್ರಪ್ಪ. ಮೂರನೇದರ ಮುಂದೆ ಮಾತ್ರ ಒಂದು ನರಪಿಳ್ಳೆ ಇರ್ಲಿಲ್ಲ. ಕೆಟ್ಟಿರ್ಬೇಕು ಅನ್ಕೊಂಡು ಮೆಟ್ಟಿಲ ಕಡೆ ಹೋದೆ."

ಮಾವ ಅವಳ ಕಡೆ ನೋಡಿದ. ಆಮೇಲೆ ಮಂಚದ ಕೆಳಗಿನ ಸ್ಟೂಲು ಎಳೆದುಕೊಂಡು ಕೂತು, ಸೊಂಟದ ನೋವು ಈಗ ಹೇಗಿದೆ ಎಂದು ಅಜ್ಜಿಯನ್ನು ಕೇಳಿದ. ಅಜ್ಜಿ ವಿವರವಾಗಿ ಹೇಳತೊಡಗಿದರು.