ಕಿತ್ತಳೆ ಮರದ ಕೆಳಗೆ ಬಿಟ್ಟ ಚಪ್ಪಲಿ

ನಾನು ಒಂದು ಎಡಗಾಲಿನ ಚಪ್ಪಲಿ. ಹುಟ್ಟಿದ್ದು ಅಥಣಿಯಲ್ಲಿ, ಚಪ್ಪಲಿ ಮಾಡುವ ಯಲ್ಲಪ್ಪನ ಪಡಸಾಲೆಯಲ್ಲಿ. ಮೊದಲು ಕಂಡದ್ದು ಚರ್ಮ ಕತ್ತರಿಸುವ ಚೂರಿ, ಆಮೇಲೆ ದಬ್ಬಳ, ಆಮೇಲೆ ಸುತ್ತಿಗೆ. ಹಾಗಾಗಿ ಅಂಜಿಕೆ ನನಗೆ ಹುಟ್ಟಿನಿಂದಲೇ ಬಂತು.

ನನ್ನ ಜೊತೆಗೆ ಹುಟ್ಟಿದ ಬಲಗಾಲಿನವನು ತೆಳ್ಳಗೆ, ನೋಡಲು ಚೆಂದ. ನನಗೆ ಮಾತ್ರ ಯಲ್ಲಪ್ಪ ಅಟ್ಟೆಯ ಮೇಲೆ ಅಟ್ಟೆ ಇಟ್ಟು ಹೊಲಿದ. ಅವನಿಗಿಂತ ಎರಡು ಬೆರಳು ಎತ್ತರವಾದೆ. ಎಲ್ಲೋ ತಪ್ಪಾಗಿದೆ, ನನ್ನನ್ನು ಮೂಲೆಗೆ ಎಸೆಯುತ್ತಾರೆ ಎಂದು ಹೆದರಿ ಕೂತಿದ್ದೆ. ಆಗ ಸುಗಲಾ ಬಂದಳು, ತಾಯಿಯ ಭುಜ ಹಿಡಿದು. ಅವಳ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ನನ್ನನ್ನು ಮೆಟ್ಟಿ ನಿಂತಳು. ಮೆಲ್ಲಗೆ ತಾಯಿಯ ಭುಜದಿಂದ ಕೈ ತೆಗೆದಳು. ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆದಳು.

"ಯವ್ವಾ, ಬಿಡು ನನ್ನ, ಹಿಡೀಬ್ಯಾಡ" ಎಂದಳು. ತಾಯಿ ಹಿಡಿದಿರಲೇ ಇಲ್ಲ.

ಅವತ್ತಿನಿಂದ ಅವಳನ್ನು ಹೊರುವುದು ನನ್ನ ಕೆಲಸ. ಕಾಲೇಜು, ಬಸ್ ಸ್ಟ್ಯಾಂಡು, ಹಾಸ್ಟೆಲಿನ ಮೆಟ್ಟಿಲು. ರಾತ್ರಿ ಮಂಚದ ಕೆಳಗೆ ಬಿದ್ದಾಗ ಮೈ ಬಿರಿಯುವಷ್ಟು ದಣಿವು. ಆದರೂ ನಾಳೆ ಎಲ್ಲಿ ಎಡವುತ್ತಾಳೋ, ಎಲ್ಲಿ ಜಾರುತ್ತಾಳೋ ಎಂದು ಯೋಚಿಸುತ್ತ ಮಲಗುತ್ತಿದ್ದೆ.

ಇತಿಹಾಸ ಓದುತ್ತಿದ್ದ ಸುಗಲಾ ಅರ್ಧ ವರ್ಷದ ಓದಿಗೆಂದು ಸ್ಪೇನ್ ದೇಶಕ್ಕೆ ಹೊರಟಳು. ಸೆವಿಲ್ ಎಂಬ ಊರಿನಲ್ಲಿ ವಾಸ. ಅವಳ ಹಾಗೇ ಬಂದಿದ್ದ ಮದ್ದೂರಿನ ಮಂದಾರಾ ಕೋಣೆಯ ಗೆಳತಿ. ನನ್ನ ಹಾಗೇ ಎತ್ತರ ಹಾಕಿಸಿದ್ದ ಒಂದು ಜೊತೆ ಬೂಟೂ ಸುಗಲಾಳ ಬಳಿ ಇತ್ತು. ಅಲ್ಲಿಗೆ ಹೋದ ಸ್ವಲ್ಪ ದಿನಕ್ಕೇ ಅದರ ಅಟ್ಟೆ ಕಿತ್ತು ಬಂತು. ಉಳಿದವರು ನಾವಿಬ್ಬರೇ.

ಬೇಸಿಗೆಯ ಒಂದು ದಿನ ಗೆಳತಿಯರು ರೈಲು ಹತ್ತಿ ಕೊರ್ದೊಬಾ ಎಂಬ ಹಳೆಯ ಊರು ನೋಡಲು ಹೋದರು. ನದಿಯ ಮೇಲೆ ರೋಮನ್ನರ ಕಾಲದ ಸೇತುವೆ. ಅದರ ಕಲ್ಲುಗಳು ಸವೆದು ನುಣುಪಾಗಿದ್ದವು. ಪ್ರತಿ ಹೆಜ್ಜೆಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಆಚೆ ಸುಣ್ಣ ಬಳಿದ ಇಕ್ಕಟ್ಟಾದ ಓಣಿಗಳು, ಗೋಡೆಯ ತುಂಬ ಹೂವಿನ ಕುಂಡ. ಸುಗಲಾ ಕತ್ತೆತ್ತಿ ಹೂ ನೋಡುತ್ತ ನಡೆದಳು. ಕೆಳಗೆ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಮಧ್ಯಾಹ್ನ ಆ ಊರಿನ ದೊಡ್ಡ ಗುಡಿಯ ಅಂಗಳಕ್ಕೆ ಬಂದರು. ಒಂದು ಕಾಲದಲ್ಲಿ ಮಸೀದಿ, ಈಗ ಚರ್ಚು. ಅಂಗಳದ ತುಂಬ ಕಿತ್ತಳೆ ಮರ, ಬುಡದಿಂದ ಬುಡಕ್ಕೆ ನೀರು ಹರಿಯಲು ಕಲ್ಲಿನ ಕಾಲುವೆ. ಬಾಗಿಲ ಹತ್ತಿರ ಹೋದ ಸುಗಲಾ ತಟ್ಟನೆ ನಿಂತು ನಮ್ಮನ್ನು ಕಳಚಿದಳು.

"ಇಲ್ಲಿ ಯಾರೂ ಬಿಡಲ್ಲ ಕಣೇ. ನೋಡು, ಎಲ್ರೂ ಹಾಕ್ಕೊಂಡೇ ಹೋಗ್ತಾವ್ರೆ" ಎಂದಳು ಮಂದಾರಾ.

"ಅವರು ಹೋದ್ರ ಹೋಗವಲ್ರ್ಯಾಕ. ದೇವರ ಮನಿಯೊಳಗ ಚಪ್ಪಲಿ ಮೆಟ್ಟಿ ನಾ ಹ್ಯಾಂಗ ಹೋಗ್ಲಿ?"

"ಯಾವ ದೇವ್ರಿಗೇ ಬಿಡ್ತಿದ್ದೀಯ? ಮೊದ್ಲು ಇದ್ದವನಿಗೋ, ಈಗ ಇರೋನಿಗೋ?"

"ಇಬ್ಬರಿಗೂ. ಗ್ವಾಡಿ ಹಿಡ್ಕೊಂಡು ಒಂದ ಸುತ್ತು ಹಾಕಿ ಬರ್ತೀನಿ, ನಡಿ."

ಒಂದು ಮರದ ಬುಡದಲ್ಲಿ ನಮ್ಮನ್ನು ಒತ್ತೊತ್ತಾಗಿ ಇಟ್ಟಳು, ಊರಲ್ಲಿ ಬಸದಿಯ ಮುಂದೆ ಇಡುವ ಹಾಗೆ. ಊರಲ್ಲಾದರೆ ಸುತ್ತಲೂ ನೂರು ಚಪ್ಪಲಿಗಳ ಸಂಗ ಇರುತ್ತಿತ್ತು. ಇಲ್ಲಿ ನಾವಿಬ್ಬರೇ. ನೂರಾರು ಬೂಟುಗಳು ನಮ್ಮ ಪಕ್ಕದಲ್ಲೇ ಹಾದು ಒಳಗೆ ಹೋದವು. ಒಂದೂ ಹೊರಗೆ ಉಳಿಯಲಿಲ್ಲ.

ಅಷ್ಟರಲ್ಲಿ ಎಲ್ಲೋ ನೀರು ಬಿಟ್ಟರು. ಕಾಲುವೆಯಲ್ಲಿ ನೀರು ಹಾವಿನಂತೆ ನಮ್ಮತ್ತ ಹರಿದು ಬಂತು. ಚರ್ಮ ನೆನೆದರೆ ನಮಗೆ ಸಾವು. ಇನ್ನೇನು ಮುಟ್ಟಬೇಕು, ಮೇಲಿಂದ ಒಂದು ಉದ್ದ ಹಿಡಿಯ ಇಕ್ಕಳ ಇಳಿದು ಬಲಗಾಲಿನವನನ್ನು ಕಚ್ಚಿ ಎತ್ತಿತು. ಆಮೇಲೆ ನನ್ನನ್ನು. ನೀರಿನಿಂದ ಉಳಿದೆವು ಎಂದುಕೊಳ್ಳುವಷ್ಟರಲ್ಲಿ ಕತ್ತಲೆಗೆ ಬಿದ್ದೆವು. ಅದು ಕಸದ ಗಾಡಿಯ ಚೀಲ. ಗುಡಿಸುವ ಹೆಂಗಸಿಗೆ, ಮರದ ಕೆಳಗೆ ಬಿಟ್ಟ ಹಳೆಯ ಚಪ್ಪಲಿ ಎಂದರೆ ಯಾರೋ ಬೇಡವೆಂದು ಬಿಟ್ಟು ಹೋದ ಚಪ್ಪಲಿ. ಅವಳದೇನು ತಪ್ಪು? ಅವಳ ಊರಿನ ರೀತಿ ಅದು.

ಮೇಲೆ ಐಸ್‌ಕ್ರೀಮಿನ ಕಪ್ಪು ಬಿತ್ತು, ಕೊಳೆತ ಕಿತ್ತಳೆ ಬಿತ್ತು. ಆಗ ಸುಗಲಾಳ ದನಿ ಕೇಳಿತು.

"ಮಂದಾರಾ, ಇಲ್ಲೇ ಇಟ್ಟಿದ್ನೆಲ್ಲ! ಇದ ಗಿಡದ ಬುಡಕ್ಕ!"

"ಎಲ್ಲಾ ಮರಾನೂ ಒಂದೇ ಥರ ಇದ್ದಾವೆ. ಪಕ್ಕದ್ದು ನೋಡು."

"ನೋಡಿದ್ನೆಲ್ಲ... ಚಪ್ಪಲಿ ಹೋತಂದ್ರ ನಾ ಊರಿಗೇ ಹೋಗಬೇಕಾಗ್ತದಲ್ಲೇ. ಓದು ಬಿಟ್ಟು."

"ಅಳಬೇಡ್ವೇ, ಮೊದ್ಲು ನನ್ ಭುಜ ಹಿಡ್ಕೊ. ಕಲ್ಲು ಕಾದು ಕೆಂಡ ಆಗಿದೆ."

ಭುಜ ಹಿಡ್ಕೊ! ಆ ಮಾತು ಯಾವ ಚೂರಿಗಿಂತಲೂ ಆಳಕ್ಕೆ ಇಳಿಯಿತು. ಇಲ್ಲಿದ್ದೇನೆ ಎಂದು ಕೂಗಲು ನನಗೆ ಬಾಯಿಲ್ಲ. ಒದ್ದಾಡಲು ಕಾಲಿಲ್ಲ, ನನಗೆ ಇದ್ದ ಕಾಲು ಅವಳದೇ. ಮಂದಾರಾ ಕಾವಲುಗಾರನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅವನು ಸ್ಪ್ಯಾನಿಷಿನಲ್ಲಿ ಏನೋ ಕೇಳಿದ. ಗಾಡಿ ಅಲುಗಿತು. ಗಾಲಿಗಳು ಕಡಕಡ ಎನ್ನುತ್ತ ಅಂಗಳ ದಾಟಿದವು. ಅವಳ ದನಿ ದೂರವಾಯಿತು, ಆಮೇಲೆ ಇಲ್ಲವಾಯಿತು.

ಓಣಿಯ ತಿರುವಿನಲ್ಲಿ ಗಾಡಿ ನಿಂತಿತು. ದೊಡ್ಡ ಕಬ್ಬಿಣದ ತೊಟ್ಟಿಯ ಬಾಯಿ ತೆರೆದ ಸದ್ದು. ಹೆಂಗಸು ಚೀಲ ಎತ್ತಿ ಬಗ್ಗಿಸಿದಳು. ಕಪ್ಪುಗಳು ಹೋದವು, ಹಣ್ಣುಗಳು ಹೋದವು. ನಾನು ತೊಟ್ಟಿಯ ಅಂಚಿಗೆ ಬಡಿದು ಹೊರಗೆ ಕಲ್ಲಿನ ಮೇಲೆ ಧೊಪ್ಪೆಂದು ಬಿದ್ದೆ. ಎತ್ತಿಕೊಂಡಳು. ಒಳಗೆ ಹಾಕಲು ಕೈ ಚಾಚಿದವಳು ತಡೆದಳು. ತಿರುಗಿಸಿ ನೋಡಿದಳು. ಚೀಲದ ತಳದಲ್ಲಿ ಸಿಕ್ಕಿಕೊಂಡಿದ್ದ ಬಲಗಾಲಿನವನನ್ನು ತೆಗೆದು ನನ್ನ ಪಕ್ಕಕ್ಕೆ ಹಿಡಿದಳು. ಒಂದು ಎತ್ತರ, ಒಂದು ಗಿಡ್ಡ. ಅವಳ ಬಾಯಿಂದ ಒಂದು ಉಸಿರು ಹೊರಬಿತ್ತು. ಇಂಥದ್ದನ್ನು ಯಾರೂ ಬೇಡವೆಂದು ಬಿಟ್ಟು ಹೋಗುವುದಿಲ್ಲ.

ಗಾಡಿಯನ್ನು ಅಲ್ಲೇ ಬಿಟ್ಟು, ನಮ್ಮನ್ನು ಎದೆಗೆ ಅವುಚಿಕೊಂಡು ಓಡಿದಳು. ವಯಸ್ಸಾದ ಹೆಂಗಸು, ಏದುಸಿರು ಬಿಡುತ್ತಿದ್ದಳು. ಅಂಗಳದ ನಡುವೆ ನಿಂತು ಜನರ ಮುಖ ನೋಡಲಿಲ್ಲ, ಕಾಲು ನೋಡಿದಳು. ಬೂಟು, ಬೂಟು, ಸ್ಯಾಂಡಲ್, ಬೂಟು. ಅವರು ಹೊರಟುಬಿಟ್ಟಿದ್ದರೆ? ಅಷ್ಟರಲ್ಲಿ ಗೇಟಿನ ನೆರಳಿನಲ್ಲಿ ಎರಡು ಬರಿಗಾಲು ಕಂಡವು. ಒಂದು ನೆಲಕ್ಕೆ ಊರಿತ್ತು, ಇನ್ನೊಂದು ಬೆರಳ ತುದಿಯಲ್ಲಿ ನಿಂತಿತ್ತು.

ಹೆಂಗಸು ಸುಗಲಾಳ ಮುಂದೆ ಮಂಡಿಯೂರಿ, ತನ್ನ ಏಪ್ರನ್ನಿನಿಂದ ನನ್ನನ್ನು ಒರೆಸಿ, ಅವಳ ಪಾದಕ್ಕೆ ಕೈ ಹಾಕಿದಳು. ಸುಗಲಾ ಬೆಂಕಿ ಮುಟ್ಟಿದವಳಂತೆ ಕಾಲೆಳೆದುಕೊಂಡಳು.

"ಬ್ಯಾಡ್ರಿ ಅವ್ವಾರ! ನನ್ನ ಕಾಲು ನೀವು ಮುಟ್ಟಬಾರದ್ರಿ!"

ಹೆಂಗಸಿಗೆ ಕನ್ನಡ ಎಲ್ಲಿ ತಿಳಿಯಬೇಕು? ಪಾದವನ್ನು ಬಿಗಿಯಾಗಿ ಹಿಡಿದು ನನ್ನೊಳಗೆ ಸೇರಿಸಿದಳು. ಹೆಂಗಸು ಮೇಲೇಳುತ್ತಲೇ ಸುಗಲಾ ಬಗ್ಗಿ ಅವಳ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಈಗ ಹೆದರುವ ಸರದಿ ಆ ಹೆಂಗಸಿನದು. ಹುಡುಗಿ ತಲೆ ತಿರುಗಿ ಬಿದ್ದಳೆಂದುಕೊಂಡು ಬಿಗಿಯಾಗಿ ತಬ್ಬಿ ಹಿಡಿದು, ನೀರು ತನ್ನಿರೆಂಬಂತೆ ಕೂಗಿದಳು. ಮಂದಾರಾ ಅಳುತ್ತಲೇ ನಕ್ಕಳು.

ಆ ಸಂಜೆ ಸುಗಲಾ ಯಾರನ್ನೂ ಹಿಡಿಯದೆ ಸ್ಟೇಷನ್ನಿಗೆ ನಡೆದಳು. ನಾನು ದಾರಿಯುದ್ದಕ್ಕೂ ನಡುಗುತ್ತಲೇ ಇದ್ದೆ.

ಈಗ ನನಗೆ ವಯಸ್ಸಾಗಿದೆ. ಧಾರವಾಡದಲ್ಲಿ ಸುಗಲಾಳ ಬಾಡಿಗೆ ಮನೆಯ ಚಪ್ಪಲಿ ಗೂಡಿನ ಕೆಳಗಿನ ಹಲಗೆಯಲ್ಲಿ ಬಲಗಾಲಿನವನ ಜೊತೆ ಮಲಗಿದ್ದೇನೆ. ಅಟ್ಟೆ ಸವೆದಿದೆ, ಬಾರು ಹರಿದಿದೆ. ಬೆಳಿಗ್ಗೆ ಅವಳು ಹೊಸ ಜೊತೆ ಮೆಟ್ಟಿ ಕಾಲೇಜಿಗೆ ಪಾಠ ಮಾಡಲು ಹೋಗುತ್ತಾಳೆ. ನನ್ನನ್ನು ಇನ್ನು ಯಾರೂ ಎಲ್ಲಿಯೂ ಬಿಟ್ಟು ಹೋಗುವಂತಿಲ್ಲ. ಅಂಜಿಕೆ ತೀರಬೇಕಿತ್ತು.

ತೀರಿಲ್ಲ. ಕತ್ತಲಾದ ಮೇಲೆ ಮೆಟ್ಟಿಲಿಗೆ ಕಿವಿಗೊಟ್ಟು ಕೂಡುತ್ತೇನೆ. ಎದುರು ಮನೆಯವರ ಹೆಜ್ಜೆ ಬರುತ್ತದೆ, ಹಾಲಿನವನದು ಬರುತ್ತದೆ. ಕೊನೆಗೆ ಒಂದು ದಪ್ಪ, ಒಂದು ತೆಳು, ಒಂದು ದಪ್ಪ, ಒಂದು ತೆಳು. ಚಿಲಕ ಸರಿಯುತ್ತದೆ. ಆಮೇಲೆ ನಾನು ನಿದ್ದೆ ಮಾಡುತ್ತೇನೆ.